ಹಳೇ ಪಟ್ಟಿಯ ಅಂಕಿ, ಹೊಸ ಪಟ್ಟಿಯ ಅಂಕಿ

ಕೇಳುಗರಿಗೆಲ್ಲ ನಮಸ್ಕಾರ. ಅಮೆರಿಕದಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರು ಈ ಮಾತು ಕೇಳುತ್ತಿದ್ದೀರಿ, ಮಕ್ಕಳು ಅಲ್ಲಿದ್ದಾರೆ ಅಂತ ಅಲ್ಲಿನ ಸುದ್ದಿಯನ್ನೆಲ್ಲ ಓದುವ ಅಪ್ಪ ಅಮ್ಮಂದಿರೂ ಕೇಳುತ್ತಿರಬಹುದು. ನಾನು ಹೇಳುವುದು ಒಂದೇ ಮಾತು. ಜನಸಂಖ್ಯೆಯ ಹೊಸ ಪಟ್ಟಿ ಬಂದಾಗ ಅದರ ಅಂಕಿಯಿಂದ ಹಳೇ ಪಟ್ಟಿಯ ಅಂಕಿಯನ್ನು ಕಳೆಯಬೇಡಿ. ದಯವಿಟ್ಟು.

ಯಾಕೆ ಅಂತ ಹೇಳುತ್ತೇನೆ. ಅಮೆರಿಕದ ಸೆನ್ಸಸ್ ಬ್ಯೂರೋ, ಅಂದರೆ ಜನಗಣತಿ ಇಲಾಖೆ, 2023ರ ಕೊನೆಗೆ, ಆ ವರ್ಷದ ಜುಲೈ 1ರಂದು ದೇಶದಲ್ಲಿ 33 ಕೋಟಿ 49 ಲಕ್ಷ ಜನ ಇದ್ದರು ಅಂತ ಹೇಳಿತು. ಮರುವರ್ಷದ ಪಟ್ಟಿಯಲ್ಲಿ 34 ಕೋಟಿ 1 ಲಕ್ಷ ಅಂತ ಬಂತು. ಕಳೆದು ನೋಡಿ, 52 ಲಕ್ಷ. ಅಬ್ಬಾ, ಒಂದೇ ವರ್ಷಕ್ಕೆ 52 ಲಕ್ಷವಾ! ಇಲ್ಲ ಸ್ವಾಮಿ. ಅದೇ ಹೊಸ ಪಟ್ಟಿಯಲ್ಲಿ 2023ರ ಸಾಲನ್ನು ನೋಡಿದರೆ ಅಲ್ಲಿ 33 ಕೋಟಿ 49 ಲಕ್ಷ ಇಲ್ಲವೇ ಇಲ್ಲ, 33 ಕೋಟಿ 68 ಲಕ್ಷ ಇದೆ. ಹಳೆಯದನ್ನು ತಿದ್ದಿದ್ದಾರೆ. ಹಾಗಾಗಿ ನಿಜವಾದ ಏರಿಕೆ 33 ಲಕ್ಷ. ಉಳಿದ 19 ಲಕ್ಷ ಜನ ಆ ವರ್ಷ ಹುಟ್ಟಿಯೂ ಇಲ್ಲ, ಬಂದೂ ಇಲ್ಲ. ಅವರೆಲ್ಲ ಮೊದಲೇ ಇದ್ದವರು, ಆಶ್ರಯ ಕೇಳಿಕೊಂಡು ಬಂದ ವಲಸಿಗರನ್ನು ಸರಿಯಾಗಿ ಸೇರಿಸುವ ಹೊಸ ಲೆಕ್ಕದಲ್ಲಿ ಸಿಕ್ಕವರೇ ಅದರಲ್ಲಿ ಜಾಸ್ತಿ.

ಈ ತಿದ್ದುಪಡಿ ಯಾಕೆ ಬೇಕಾಯಿತು ಅಂತ ಗೊತ್ತಾಗಬೇಕಾದರೆ ಲೆಕ್ಕ ಹೇಗೆ ಹಾಕುತ್ತಾರೆ ಅಂತ ತಿಳಿಯಬೇಕು. ಮನೆಮನೆಯ ತಲೆ ಎಣಿಸುವುದು ಹತ್ತು ವರ್ಷಕ್ಕೊಮ್ಮೆ ಮಾತ್ರ, ಕಳೆದ ಸಲ 2020ರ ಏಪ್ರಿಲ್ 1ರ ಲೆಕ್ಕಕ್ಕೆ. ನಡುವಿನ ವರ್ಷಗಳಲ್ಲಿ ಯಾರೂ ಬಾಗಿಲು ತಟ್ಟಿ ಎಣಿಸುವುದಿಲ್ಲ. ಆ ಎಣಿಕೆಯನ್ನು ಇಟ್ಟುಕೊಂಡು ಅದಕ್ಕೆ ಹುಟ್ಟಿದವರನ್ನು ಕೂಡಿಸುತ್ತಾರೆ, ಸತ್ತವರನ್ನು ಕಳೆಯುತ್ತಾರೆ, ಬಂದವರನ್ನು ಕೂಡಿಸುತ್ತಾರೆ, ಹೋದವರನ್ನು ಕಳೆಯುತ್ತಾರೆ. ಅಷ್ಟೇ.

ಹುಟ್ಟು ಸಾವಿಗೆ ದಾಖಲೆ ಇರುತ್ತದೆ, ಅದು ಸುಲಭ. ಮಗು ಯಾವ ಆಸ್ಪತ್ರೆಯಲ್ಲಿ ಹುಟ್ಟಿತು ಅಂತ ನೋಡುವುದಿಲ್ಲ, ತಾಯಿ ಯಾವ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ವಿಭಾಗದಲ್ಲಿ, ವಾಸ ಅಂತ ನೋಡುತ್ತಾರೆ. ಅಂದ ಹಾಗೆ, ಬಾಣಂತನಕ್ಕೆ ಅಂತ ಊರಿಂದ ಬಂದು ಆರು ತಿಂಗಳು ಇದ್ದು ಹೋಗುವ ಅಜ್ಜಿ ಈ ಲೆಕ್ಕಕ್ಕಿಲ್ಲ, ಅವರು ಭೇಟಿಗೆ ಬಂದವರು. ಮೊಮ್ಮಗು ಮಾತ್ರ ಹುಟ್ಟಿದ ದಿನದಿಂದಲೇ ಲೆಕ್ಕಕ್ಕಿದೆ. ಎಚ್-1ಬಿ ವೀಸಾದಲ್ಲಿರುವ ಅಪ್ಪ ಅಮ್ಮನೂ ಇದ್ದಾರೆ, ಇಲ್ಲಿ ಪೌರತ್ವ ಯಾರೂ ಕೇಳುವುದಿಲ್ಲ.

ಕಷ್ಟ ಇರುವುದು ಮನೆ ಬದಲಾಯಿಸುವವರದ್ದು. ಅಮೆರಿಕದಲ್ಲಿ ಮನೆ ಬದಲಾಯಿಸಿದರೆ ಯಾರಿಗೂ ಹೇಳಿ ಹೋಗಬೇಕಾಗಿಲ್ಲ. ಆದರೆ ಟ್ಯಾಕ್ಸ್ ರಿಟರ್ನ್ ತುಂಬಲೇಬೇಕಲ್ವಾ? ಅದರಲ್ಲಿ ವಿಳಾಸ ಇರುತ್ತದೆ. ಹೋದ ವರ್ಷ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯ ವಿಳಾಸ, ಈ ವರ್ಷ ಟೆಕ್ಸಸ್‌ನ ಕಾಲಿನ್ ಕೌಂಟಿಯ ವಿಳಾಸ ಕೊಟ್ಟರೆ, ಆ ರಿಟರ್ನ್‌ನಲ್ಲಿರುವ ಗಂಡ, ಹೆಂಡತಿ, ಮಕ್ಕಳಷ್ಟೂ ಜನ ಅಲ್ಲಿ ಕಮ್ಮಿ, ಇಲ್ಲಿ ಜಾಸ್ತಿ. ನಿಮ್ಮ ಹೆಸರು, ನಂಬರು ಯಾರೂ ನೋಡುವುದಿಲ್ಲ, ಅದನ್ನು ಮೊದಲೇ ಸಂಕೇತವಾಗಿ ಬದಲಾಯಿಸಿರುತ್ತಾರೆ. 65 ದಾಟಿದವರಿಗೆ ಮೆಡಿಕೇರ್, ಅಂದರೆ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯ ದಾಖಲೆ ಆಸರೆ.

ಇಷ್ಟು ಚೆನ್ನಾಗಿರುವ ಲೆಕ್ಕ ಒಂದು ಸಲ ಹೇಗೆ ತತ್ತರಿಸಿತು ಅಂತ ಹೇಳಲೇಬೇಕು, ನನಗೆ ತುಂಬಾ ಇಷ್ಟದ ಕಥೆ. 2005ರ ಆಗಸ್ಟ್ 29. ಕತ್ರಿನಾ ಚಂಡಮಾರುತ. ನ್ಯೂ ಆರ್ಲಿಯನ್ಸ್ ಊರಿನ ಏರಿಗಳು ಒಡೆದು ಊರಿನ ಬಹುಭಾಗ ಮುಳುಗಿತು. 2000ದ ಎಣಿಕೆಯಲ್ಲಿ ಅಲ್ಲಿ 4,84,674 ಜನ ಇದ್ದರು. ಈಗ ಜನ ಹ್ಯೂಸ್ಟನ್‌ನಲ್ಲಿ, ಬ್ಯಾಟನ್ ರೂಜ್‌ನಲ್ಲಿ, ಅಟ್ಲಾಂಟಾದಲ್ಲಿ, ಯಾರದೋ ನೆಂಟರ ಮನೆಯಲ್ಲಿ. ಟ್ಯಾಕ್ಸ್ ರಿಟರ್ನ್‌ನಲ್ಲಿ ಅವರು ಯಾವ ವಿಳಾಸ ಬರೆಯಬೇಕು ಹೇಳಿ? ಮುಳುಗಿದ ಮನೆಯದಾ, ನೆಂಟರ ಮನೆಯದಾ? ಹೋದವರು ಎಷ್ಟು, ವಾಪಸ್ ಬಂದವರು ಎಷ್ಟು ಅಂತ ಮಾಮೂಲಿ ದಾರಿಯಲ್ಲಿ ತಿಳಿಯುವ ಹಾಗಿರಲಿಲ್ಲ. ಅಂಚೆ ಇಲಾಖೆಗೆ ಜನ ಕೊಟ್ಟಿದ್ದ ವಿಳಾಸ ಬದಲಾವಣೆಯ ದಾಖಲೆಯನ್ನೂ ಬ್ಯೂರೋ ಹಿಡಿದುಕೊಂಡು ಕೂತಿತು. 2007ರ ಜುಲೈಗೆ ಅವರ ಅಂದಾಜು 2,39,124.

ಊರಿನ ಆಡಳಿತಕ್ಕೆ ಸಿಟ್ಟು ಬಂತು. ಬರದೇ ಇರುತ್ತದೆಯೇ? ಕೇಂದ್ರ ಸರ್ಕಾರದ ಎಷ್ಟೋ ಅನುದಾನ ತಲೆ ಲೆಕ್ಕದಲ್ಲೇ ಹಂಚಿಕೆ ಆಗುತ್ತದೆ, ಅದೂ ಊರು ಕಟ್ಟಬೇಕಾದ ಹೊತ್ತಿನಲ್ಲಿ. ಅಂಕಿ ತಪ್ಪು ಅನಿಸಿದರೆ ದಾಖಲೆ ಇಟ್ಟು ಪ್ರಶ್ನಿಸಲು ಊರುಗಳಿಗೆ, ಕೌಂಟಿಗಳಿಗೆ ಒಂದು ವ್ಯವಸ್ಥೆ ಇದೆ. ಅವರು ಪ್ರಶ್ನಿಸಿದರು, ಬ್ಯೂರೋ ಒಪ್ಪಿಕೊಂಡಿತು. ಅದೇ ಊರು, ಅದೇ ದಿನ, ಈಗ 2,88,113! ಕಾಗದದ ಮೇಲೆ ಸುಮಾರು 49,000 ಜನ ವಾಪಸ್ ಬಂದರು. ಮುಂದಿನ ವರ್ಷಗಳ ಅಂಕಿಯೂ ಏರುತ್ತಾ ಹೋಗಿ 2009ರ ಅಂದಾಜು 3,54,850 ಆಯಿತು. ಆಮೇಲೆ 2010ರಲ್ಲಿ ನಿಜವಾಗಿ ತಲೆ ಎಣಿಸಿದರು. 3,43,829. ಮೊದಲು ಕಮ್ಮಿ ಆಯಿತು ಅಂತ ಜಗಳ, ಕೊನೆಗೆ ನೋಡಿದರೆ ಅಂದಾಜೇ ಹನ್ನೊಂದು ಸಾವಿರ ಜಾಸ್ತಿ. ಬ್ಯೂರೋದವರನ್ನು ಬೈಯುವವರಿಗೆ ನಾನು ಈ ಕಥೆ ಹೇಳುತ್ತೇನೆ. ಅವರ ಜಾಗದಲ್ಲಿ ಕೂತು ನೀವು ಲೆಕ್ಕ ಹಾಕಿ ನೋಡಿ, ಆಮೇಲೆ ಮಾತಾಡೋಣ.

ಕತ್ರಿನಾ ಇಲ್ಲದ ವರ್ಷದಲ್ಲೂ ತಿದ್ದುಪಡಿ ಇದ್ದೇ ಇರುತ್ತದೆ. ಹುಟ್ಟು ಸಾವಿನ ಅಂತಿಮ ದಾಖಲೆ ತಡವಾಗಿ ಬರುತ್ತದೆ, ಹೊರದೇಶದಿಂದ ಬಂದವರ ಲೆಕ್ಕ ಸುಧಾರಿಸುತ್ತದೆ. ಆಗೆಲ್ಲ ಬರೀ ಹೊಸ ವರ್ಷವನ್ನು ಸೇರಿಸಿ ಬಿಡುವುದಿಲ್ಲ, 2020ರಿಂದ ಇಲ್ಲಿಯವರೆಗಿನ ಅಷ್ಟೂ ವರ್ಷವನ್ನು ಹೊಸದಾಗಿ ಲೆಕ್ಕ ಹಾಕುತ್ತಾರೆ. ಇಂಥ ಒಂದೊಂದು ಪಟ್ಟಿಗೂ ವಿಂಟೇಜ್ ಅನ್ನುತ್ತಾರೆ, ವಿಂಟೇಜ್ 2023, ವಿಂಟೇಜ್ 2024 ಅಂತ. ಹೋದ ವರ್ಷ ಪತ್ರಿಕೆಯಲ್ಲಿ ಓದಿದ ಅಂಕಿಯನ್ನು ಈ ವರ್ಷದ್ದರ ಪಕ್ಕ ಇಟ್ಟು ನಮ್ಮ ಕೌಂಟಿ ಬೆಳೆಯಿತು, ಕುಸಿಯಿತು ಅಂತ ಸುಮ್ನೆ ಫಾರ್ವರ್ಡ್ ಮಾಡಬೇಡಿ. ಒಂದೇ ವಿಂಟೇಜ್ ತೆಗೆದುಕೊಳ್ಳಿ, ಅದರಲ್ಲೇ ಎರಡೂ ವರ್ಷ ಇರುತ್ತವೆ, ಅದರಲ್ಲೇ ಕಳೆಯಿರಿ.

ಕಥೆ ಉದ್ದವಾಯಿತು, ಸ್ಟುಡಿಯೋದವರು ಗಡಿಯಾರ ತೋರಿಸುತ್ತಿದ್ದಾರೆ. ಇನ್ನು ಎರಡೇ ಮಾತು. ಜೈಲು, ಕಾಲೇಜು ಹಾಸ್ಟೆಲ್, ವೃದ್ಧರ ಆರೈಕೆ ಕೇಂದ್ರಗಳಲ್ಲಿ ಇರುವವರ ಲೆಕ್ಕ ಬೇರೆಯೇ ಇಡುತ್ತಾರೆ, ಆಮೇಲೆ ಸೇರಿಸುತ್ತಾರೆ. ಕೌಂಟಿಯ ಒಳಗಿನ ಊರುಗಳಿಗೆ ಟ್ಯಾಕ್ಸ್ ರಿಟರ್ನ್ ಅಲ್ಲ, ಮನೆಗಳ ಲೆಕ್ಕ: ಎಷ್ಟು ಮನೆಗೆ ಪರವಾನಗಿ ಕೊಟ್ಟರು, ಎಷ್ಟು ಹೋದವು ಅಂತ ನೋಡಿ ಕೌಂಟಿಯ ಜನರನ್ನು ಊರುಗಳಿಗೆ ಹಂಚುತ್ತಾರೆ. ಅಲ್ಲೂ ಅಷ್ಟೇ, ಎರಡು ವಿಂಟೇಜ್ ಬೆರೆಸಬೇಡಿ. ನಮಸ್ಕಾರ.