ಓಡುವವರು ಓಡಿಸುವವರಾಗುವಾಗ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಬಹಳ ಮಂದಿ ಕೆಲಸದ ಆಚೆ ಈಚೆ ಸಮಯ ಕದ್ದು ಓಡುವವರು, ಭಾರ ಎತ್ತುವವರು. ಈಗ ಯಾರೋ ಬಂದು ‘ನಮಗೂ ಸ್ವಲ್ಪ ಹೇಳಿಕೊಡಿ’ ಅಂದಿದ್ದಾರೆ. ಕೋಚಿಂಗ್ ಶುರುವಾಗುವುದೇ ಹಾಗೆ. ಆಗ ನಮ್ಮ ಬಂಡವಾಳವೆಲ್ಲ ನಮ್ಮ ಮೈಯ ಅನುಭವ. ಆದರೆ ಎದುರಿಗೆ ನಿಂತಿರುವುದು ಇನ್ನೊಬ್ಬರ ಮೈ!

ಆರ್ಥರ್ ಲಿಡಿಯಾರ್ಡ್ ಹೆಸರು ಓಟಗಾರರು ಕೇಳಿರುತ್ತೀರಿ. ನ್ಯೂಜಿಲೆಂಡ್‌ನವರು. ಹೊಟ್ಟೆಪಾಡಿಗೆ ಶೂ ಕಾರ್ಖಾನೆಯ ಕೆಲಸ, ಓಟ ಹವ್ಯಾಸ. ಎಷ್ಟು ದೂರ ಓಡಿದರೆ ಮೈ ಗಟ್ಟಿಯಾಗುತ್ತದೆ, ಎಲ್ಲಿಂದಾಚೆ ಸೋಲುತ್ತದೆ ಎಂದು ವರ್ಷಗಟ್ಟಲೆ ತಮ್ಮ ಮೇಲೇ ಪ್ರಯೋಗ ಮಾಡಿದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರ್‌ನಲ್ಲೂ ಮರ್ರಿ ಹಾಲ್ಬರ್ಗ್ 5000 ಮೀಟರ್‌ನಲ್ಲೂ ಒಂದೇ ದಿನ ಚಿನ್ನ ಗೆದ್ದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲಿನ ಕೆಲಸ. ಹೃದ್ರೋಗಿಗಳು ಮೈ ಅಲುಗಿಸಬಾರದೆಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ, ಆಕ್ಲೆಂಡ್‌ನಲ್ಲಿ ಅಂಥವರನ್ನೂ ನಡುವಯಸ್ಸಿನವರನ್ನೂ ಮೆಲ್ಲಗೆ ಜಾಗಿಂಗ್‌ಗೆ ಇಳಿಸಿದರು. ಶಿಷ್ಯರಿಂದ ವಾರಕ್ಕೆ 160 ಕಿಲೋಮೀಟರ್ ಓಡಿಸಿದ ಮನುಷ್ಯ, ಇವರಿಗೆ ಹೇಳಿದ್ದು ಮಾತಾಡಿಕೊಂಡು ಓಡುವಷ್ಟು ನಿಧಾನದ ಓಟ.

ಈ ನಿಧಾನವೇ ನಮಗೆ ಕಷ್ಟ. ಹೊಸಬರ ಉಸಿರು ಕೆಲವು ವಾರಗಳಲ್ಲೇ ಹದಕ್ಕೆ ಬರುತ್ತದೆ. ಸ್ನಾಯುಗಳೂ ಬೇಗ ಒಗ್ಗಿಕೊಳ್ಳುತ್ತವೆ. ಆದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಮತ್ತೆ ಆ ಮೂಳೆ, ಇವೆರಡೂ ಗಟ್ಟಿಯಾಗಲು ತಿಂಗಳುಗಳೇ ಬೇಕು. ‘ಈಗ ಸಲೀಸು, ಇನ್ನೂ ಜಾಸ್ತಿ ಕೊಡಿ’ ಅನ್ನುವ ಹುರುಪು ಬಂದ ಹೊತ್ತಿಗೇ ಮೊಣಕಾಲ ಕೆಳಗೆ, ಕಾಲಿನ ಮುಂಭಾಗದ ಮೂಳೆಗುಂಟ ನೋವು ಕಾಣಿಸಿಕೊಳ್ಳುವುದು ಅದಕ್ಕೇ. ಆಗ ಚಪ್ಪಾಳೆ ತಟ್ಟುವ ಕೋಚ್‌ಗಿಂತ ‘ಇವತ್ತಿಗೆ ಸಾಕು’ ಅನ್ನುವ ಕೋಚ್ ಬೇಕು. ವಾಚು ನೋಡಬೇಕಾಗಿಲ್ಲ, ಪಕ್ಕದಲ್ಲಿ ಓಡುತ್ತ ಏನಾದರೂ ಕೇಳಿ. ಪೂರ್ತಿ ವಾಕ್ಯದಲ್ಲಿ ಉತ್ತರ ಬಂದರೆ ವೇಗ ಸರಿ. ಎರಡು ಪದಕ್ಕೊಮ್ಮೆ ಉಸಿರು ಎಳೆದರೆ ಜಾಸ್ತಿಯಾಯಿತು.

ಸ್ಕ್ವಾಟ್, ಅಂದರೆ ಮಂಡಿ ಮಡಚಿ ಕೂತು ಏಳುವ ವ್ಯಾಯಾಮ, ಹೇಳಿಕೊಡುವಾಗ ನೋಡಿ: ಮಂಡಿ ಒಳಕ್ಕೆ ವಾಲುತ್ತದೆ, ಹಿಮ್ಮಡಿ ಏಳುತ್ತದೆ, ಉಸಿರು ಕಟ್ಟಿರುತ್ತದೆ. ನಮಗೆ ಮೂರೂ ಒಟ್ಟಿಗೆ ಕಾಣುತ್ತವೆ, ಮೂರನ್ನೂ ಒಟ್ಟಿಗೆ ಹೇಳಬೇಡಿ. ‘ಹಿಮ್ಮಡಿ ನೆಲ ಬಿಡದಿರಲಿ’, ಇಷ್ಟೇ. ಎಷ್ಟೋ ಸಲ ಉಳಿದದ್ದು ತಾನಾಗಿ ಸುಧಾರಿಸುತ್ತದೆ. ಹೊಗಳುವಾಗಲೂ ಬರಿ ‘ಸೂಪರ್’ ಬೇಡ. ‘ಹೋದ ವಾರ ಕುರ್ಚಿ ಹಿಡಿದು ಏಳುತ್ತಿದ್ದಿರಿ, ಇವತ್ತು ಹಿಡಿಯಲಿಲ್ಲ’ ಅನ್ನಿ. ನೀವು ನೋಡುತ್ತಿದ್ದೀರಿ ಅಂತ ಅವರಿಗೆ ಗೊತ್ತಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ. ಮೆಟ್ಟಿಲು ಹತ್ತಲೂ ಏದುವವರ ಮುಂದೆ ಮೊದಲ ದಿನವೇ ಈ ಲೆಕ್ಕ ಇಟ್ಟರೆ ಎರಡನೇ ದಿನ ಅವರು ಬರುವುದಿಲ್ಲ. ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕ ಎಂಬ ಷರತ್ತನ್ನು ಆ ಸಂಸ್ಥೆಯೇ 2020ರಲ್ಲಿ ಕೈಬಿಟ್ಟಿದೆ. ಹಾಗಾಗಿ ಐದು ನಿಮಿಷದ ನಡಿಗೆಯಿಂದ ಶುರು ಮಾಡಿಸಲು ಸಂಕೋಚ ಬೇಡ.

ಪ್ರಥಮ ಚಿಕಿತ್ಸೆ ಕಲಿತುಕೊಳ್ಳಿ. ಎದೆನೋವು, ತಲೆಸುತ್ತು ಅಂದವರನ್ನು ಅಲ್ಲೇ ನಿಲ್ಲಿಸಿ ಡಾಕ್ಟರ್ ಹತ್ತಿರ ಕಳಿಸಿ, ಅದರಲ್ಲಿ ನಮ್ಮ ಜಾಣತನ ಬೇಡ.

ಇನ್ನು, ನಾಲ್ಕು ದಿನ ತಪ್ಪಿಸಿಕೊಂಡವರಿಗೆ ಫೋನ್ ಮಾಡಿದಾಗ ‘ಯಾಕೆ ಬರಲಿಲ್ಲ’ ಅನ್ನಬೇಡಿ. ಕಾರಣ ಹುಡುಕಿ ಹೇಳುವ ಮುಜುಗರಕ್ಕೇ ಅವರು ಇನ್ನೊಂದು ವಾರ ತಪ್ಪಿಸಿಕೊಳ್ಳುತ್ತಾರೆ. ‘ನಾಳೆ ಎಷ್ಟು ಹೊತ್ತಿಗೆ ಬರ್ತೀರಿ?’ ಅಂತ ಕೇಳಿ.

ಪ್ರಶ್ನೆಗಳಿದ್ದರೆ ಈಗ ತೆಗೆದುಕೊಳ್ಳೋಣ.