ಬೇರು ಸಮೇತ ತಂದ ಚರ್ಮ

ಕೇಳುಗರೇ, ನಮಸ್ಕಾರ.

ಒಂದು ಕೈಯಿಂದ ಇನ್ನೊಂದರ ಮುಂಗೈ ಹಿಡಿದು, ಹಿಡಿಸಿಕೊಂಡ ಕೈಯ ಬೆರಳು ಆಡಿಸಿ ನೋಡಿ. ಒಳಗೆ ಏನೋ ಹುರಿ ಸರಿದಾಡಿದ ಹಾಗಾಗುತ್ತೆ, ಅಲ್ವಾ? ಅದನ್ನು ನಾವು ಸುಮ್ನೆ ‘ನರ’ ಅಂದುಬಿಡುತ್ತೇವೆ. ಅದು ನರವಲ್ಲ, ಟೆಂಡನ್. ಬೆರಳು ಮಡಚುವ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ, ಅವು ಎಳೆಯುವುದು ಈ ಹುರಿಗಳನ್ನು. ಹಾಗಾಗಿ ಮುಂಗೈ ಯಂತ್ರಕ್ಕೆ ಸಿಕ್ಕಿ ಜಜ್ಜಿಹೋದರೆ, ಬೆರಳಿಗೆ ಗೀರು ಬೀಳದಿದ್ದರೂ ಅದು ಆಡುವುದಿಲ್ಲ.

ಹಾಗೆ ಜಜ್ಜಿದ ಕೈಯ ಸತ್ತ ಮಾಂಸ ತೆಗೆದು, ತೊಳೆದು, ಮೂಳೆ ಕೂಡಿಸಿದ ಮೇಲೆ ಗಾಯ ಮುಚ್ಚಬೇಕು. “ತೊಡೆಯ ಚರ್ಮ ತೆಗೆದು ಅಂಟಿಸಿದರೆ ಆಗಲ್ವಾ?” ಅಂತ ಮನೆಯವರು ಕೇಳುವುದು ಸಹಜ. ಕೆಳಗೆ ರಕ್ತ ಓಡಾಡುವ ಮಾಂಸ ಇದ್ದರೆ ಆಗುತ್ತೆ. ಕಸಿ ಮಾಡಿದ ತೆಳು ಚರ್ಮ ಮೊದಲ ಒಂದೆರಡು ದಿನ ಅಲ್ಲಿ ಒಸರುವ ನೀರು ಹೀರಿಯೇ ಬದುಕುತ್ತೆ. ಪೊರೆ ಕಿತ್ತುಹೋದ ಮೂಳೆಯ ಮೇಲೆ, ಪೊರೆ ಕಿತ್ತುಹೋದ ಟೆಂಡನ್ ಮೇಲೆ ಹೀರಲು ಏನಿದೆ? ಅಲ್ಲಿಗೆ ಫ್ಲ್ಯಾಪ್ ಬೇಕು. ಚರ್ಮ, ಕೊಬ್ಬು, ಕೆಲವೊಮ್ಮೆ ಸ್ನಾಯುವನ್ನೂ ಅದರದೇ ರಕ್ತನಾಳದ ಜೊತೆ ತರುವುದು. ಸಸಿಯನ್ನು ಬೇರುಮಣ್ಣಿನ ಸಮೇತ ಎತ್ತಿದ ಹಾಗೆ.

ಅದಕ್ಕೆ ಒಂದು ದಾರಿ, ತೊಡೆಸಂದಿನ ಫ್ಲ್ಯಾಪ್. ಅದನ್ನು ಶಸ್ತ್ರಚಿಕಿತ್ಸಕರಾದ ಮೆಕ್‌ಗ್ರೆಗರ್ ಮತ್ತು ಜಾಕ್ಸನ್ 1972ರಲ್ಲಿ ವಿವರಿಸಿದರು. ಅದರಲ್ಲಿ ಫ್ಲ್ಯಾಪನ್ನು ಪೂರ್ತಿ ಬಿಡಿಸದೆ, ಕೈಯನ್ನೇ ತೊಡೆಸಂದಿಗೆ ಹೊಲಿದು ಸುಮಾರು 3 ವಾರ ಇಡಬೇಕು. ನಿದ್ದೆ, ಸ್ನಾನ, ಶೌಚ ಎಲ್ಲ ಹಾಗೇ. ಭುಜ ಬೇರೆ ಬಿಗಿದುಕೊಳ್ಳುತ್ತೆ. ಆದರೂ ಅದು ನಂಬಿಕಸ್ಥ ದಾರಿ, ಹಳತು ಅಂತ ತಳ್ಳಿಹಾಕುವಂಥದ್ದಲ್ಲ.

ಇನ್ನೊಂದು, ಫ್ರೀ ಫ್ಲ್ಯಾಪ್. ತೊಡೆಯ ತುಂಡನ್ನು ಪೂರ್ತಿ ಬಿಡಿಸಿ ತಂದು, 2 ಮಿಲಿಮೀಟರ್ ಆಸುಪಾಸಿನ ನಾಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ, ಕೂದಲಿಗಿಂತ ಸಣ್ಣ ದಾರದಲ್ಲಿ ಮುಂಗೈಯ ನಾಳಗಳಿಗೆ ಹೊಲಿಯುತ್ತಾರೆ.

ನಿಜವಾದ ಆತಂಕ ಆಮೇಲಿನ ರಾತ್ರಿಯದು. ನರ್ಸ್ ಗಂಟೆಗೊಮ್ಮೆ ಬಂದು ಫ್ಲ್ಯಾಪನ್ನು ತಮ್ಮ ಬೆರಳಿಂದ ಒತ್ತಿ ಬಿಡುತ್ತಾರೆ. ಬಿಳಿಚಿದ ಜಾಗಕ್ಕೆ ಸುಮಾರು 2 ಸೆಕೆಂಡಿನಲ್ಲಿ ಬಣ್ಣ ಮರಳಿದರೆ ನೆಮ್ಮದಿ. ಬಿಳಿಚಿಕೊಂಡು ತಣ್ಣಗಿದ್ದರೆ ರಕ್ತ ಬರುತ್ತಿಲ್ಲ. ನೀಲಿಯಾಗಿ ಉಬ್ಬಿ, ಒತ್ತಿದ ತಕ್ಷಣ ಬಣ್ಣ ಬಂದರೆ ಬಂದ ರಕ್ತ ವಾಪಸ್ ಹೋಗುತ್ತಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ಮಧ್ಯರಾತ್ರಿಯಾದರೂ ಮತ್ತೆ ಆಪರೇಷನ್ ಥಿಯೇಟರಿಗೆ. ಈ ದಿನಗಳಲ್ಲಿ ಸಿಗರೇಟು ಸೇದಬಾರದು. ನಿಕೋಟಿನ್ ನಾಳಗಳನ್ನು ಕುಗ್ಗಿಸುತ್ತೆ.

ಗಾಯ ಮಾಗಿದ ಮೇಲೆ ಕೈಮೇಲೆ ದಿಂಬು ಇಟ್ಟ ಹಾಗೆ ಕಾಣುತ್ತೆ. ಬೇಜಾರು ಬೇಡ, ಕೆಲವು ತಿಂಗಳ ನಂತರ ತೆಳು ಮಾಡಬಹುದು. ಆದರೆ ಆ ಜಾಗಕ್ಕೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ. ನೀರು ಕಾದಿದೆಯಾ ಅಂತ ಇನ್ನೊಂದು ಕೈಯಲ್ಲಿ ಮುಟ್ಟಿ ನೋಡಿ.