ಚೆಂಡು ಕೈಯಲ್ಲಿಲ್ಲದ 36 ನಿಮಿಷ

ಎಲ್ಲರಿಗೂ ನಮಸ್ಕಾರ. ಮೈಕ್ ಹಿಡಿದು ಮಾತಾಡಿ ನನಗೆ ರೂಢಿಯಿಲ್ಲ. ಬಾಸ್ಕೆಟ್‌ಬಾಲ್ ಕೋಚ್ ನಾನು, ಮೈದಾನದಲ್ಲಿ ಕೂಗಿ ಕೂಗಿ ಗಂಟಲು ದೊಡ್ಡದಾಗಿದೆ. ಜೋರಾಯಿತು ಅನ್ನಿಸಿದರೆ ಹಿಂದಿನ ಸಾಲಿನವರು ಕೈ ಎತ್ತಿ, ತಗ್ಗಿಸುತ್ತೇನೆ.

ಕರಪತ್ರದಲ್ಲಿ 'ಬಾಸ್ಕೆಟ್‌ಬಾಲ್ ಮತ್ತು ವ್ಯಕ್ತಿತ್ವ ವಿಕಸನ' ಅಂತ ಹಾಕಿದ್ದಾರೆ. ಅಷ್ಟು ದೊಡ್ಡ ಮಾತು ನನ್ನ ಬಾಯಲ್ಲಿ ಹಿಡಿಸುವುದಿಲ್ಲ. ಒಂದು ಸಣ್ಣ ಲೆಕ್ಕದಿಂದ ಶುರು ಮಾಡುತ್ತೇನೆ. ಪಂದ್ಯ ಅಂದರೆ 10 ನಿಮಿಷದ ನಾಲ್ಕು ಕ್ವಾರ್ಟರ್, ಒಟ್ಟು 40 ನಿಮಿಷ. ಅಂಕಣದಲ್ಲಿ ಒಂದು ಹೊತ್ತಿಗೆ 10 ಜನ. ಚೆಂಡು ಮಾತ್ರ ಒಂದೇ. ಸಮನಾಗಿ ಹಂಚಿದರೆ ಒಬ್ಬನ ಪಾಲಿಗೆ 4 ನಿಮಿಷ. ಚೆಂಡು ಗಾಳಿಯಲ್ಲಿರುವ ಹೊತ್ತನ್ನು ಕಳೆದರೆ ಇನ್ನೂ ಕಡಿಮೆ. ಉಳಿದ 36 ನಿಮಿಷ ಅವನು ಏನು ಮಾಡುತ್ತಿರುತ್ತಾನೆ?

ಅಪ್ಪ-ಅಮ್ಮಂದಿರು ನನ್ನನ್ನು ಕೇಳುವುದೆಲ್ಲ ಆ 4 ನಿಮಿಷದ ಬಗ್ಗೆ. "ಶೂಟಿಂಗ್ ಹೇಗಿದೆ ಸರ್? ಎಷ್ಟು ಪಾಯಿಂಟ್ ಹೊಡೆದ?" ಹುಡುಗ ಎಂಥವನು ಅಂತ ನನಗೆ ಗೊತ್ತಾಗುವುದು ಮಿಕ್ಕ 36ರಲ್ಲಿ.

ನಮ್ಮಪ್ಪ ಇಲ್ಲೇ ಮುಂಬಯಿಯ ಮಾಟುಂಗಾದ ಒಂದು ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದರು. ಹಗಲು ಟೇಬಲ್ಲು, ರಾತ್ರಿ ಕನ್ನಡ ಶಾಲೆ. ಇಲ್ಲಿ ಕೂತಿರುವ ಹಲವರ ಮನೆಯ ಕತೆಯೂ ಅದೇ, ಅಲ್ವಾ? ಶನಿವಾರ ನಾನು ಹೋಗಿ ಗಲ್ಲೆಯ ಪಕ್ಕ ಕೂರುತ್ತಿದ್ದೆ. ಅಪ್ಪ ಹೊರಗಿನಿಂದ ಕೂಗುತ್ತಿದ್ದರು: "ಎರಡು ಇಡ್ಲಿ, ಒಂದು ಸಾದಾ, ಮೂರು ಕಾಫಿ!" ಅಡುಗೆಮನೆಯಿಂದ ಅದೇ ಮಾತು ತಿರುಗಿ ಬರುತ್ತಿತ್ತು. ಬಾರದಿದ್ದರೆ ಅಪ್ಪ ಅಲ್ಲಿಂದ ಕದಲುತ್ತಿರಲಿಲ್ಲ, ಮತ್ತೆ ಕೂಗುತ್ತಿದ್ದರು. ಒಳಗಿನಿಂದ ದನಿ ಬರಲಿಲ್ಲ ಅಂದರೆ ಆರ್ಡರ್ ಹೋಗಿಲ್ಲ ಅಂತಲೇ ಲೆಕ್ಕ.

ಎದುರು ತಂಡವನ್ನು ತಡೆಯುವ ಡಿಫೆನ್ಸ್ ಕೂಡ ಹಾಗೇ. ಎದುರಾಳಿ ಚೆಂಡು ತಟ್ಟುತ್ತಾ ಬರುತ್ತಾನೆ. ಅವನನ್ನು ತಡೆಯಲು ನಿಂತ ನಮ್ಮ ಹುಡುಗನಿಗೆ ಬೆನ್ನಲ್ಲಿ ಕಣ್ಣಿಲ್ಲ. ಹಿಂದೆ ಯಾರಾದರೂ ಇದ್ದಾರೆ ಅಂತ ಖಾತ್ರಿಯಾದರೆ ಮೈಮೇಲೆ ಹೋಗಿ ಒತ್ತುತ್ತಾನೆ. ಇಲ್ಲದಿದ್ದರೆ ಎರಡು ಹೆಜ್ಜೆ ಹಿಂದೆ ಸರಿದು, ಪಾಯಿಂಟ್ ಬಿಟ್ಟುಕೊಡುತ್ತಾನೆ. ಹಿಂದೆ ಸುಮ್ನೆ ನಿಂತಿದ್ದರೆ ಸಾಲದು, ಇದ್ದೀನಿ ಅಂತ ಕೂಗಬೇಕು. ನಂಬಿಕೆ ಅಂತ ನಾವು ಕರೆಯುವುದು ಅಂಕಣದಲ್ಲಿ ಕಿವಿಗೆ ಕೇಳಿಸುತ್ತದೆ.

ಕೆಲವು ಮಕ್ಕಳಿಗೆ ಬಾಯಿ ಬಿಡುವುದೇ ದೊಡ್ಡ ಕಷ್ಟ. ಅದಕ್ಕೆ ನಾನು ಆಗಾಗ ಒಂದು ಕ್ವಾರ್ಟರ್ ಮೂಕ ಆಟ ಆಡಿಸುತ್ತೇನೆ. ಯಾರೂ ತುಟಿ ಬಿಚ್ಚುವಂತಿಲ್ಲ. ಬುಟ್ಟಿಗೆ ಸಲೀಸಾಗಿ ಎಷ್ಟು ಚೆಂಡು ಬಿತ್ತು ಅಂತ ಅವರೇ ಎಣಿಸಲಿ ಅಂತ. ನಮ್ಮ ತಂಡದಲ್ಲಿ ತುಳು, ಮರಾಠಿ, ಗುಜರಾತಿ, ತಮಿಳು ಎಲ್ಲ ಇದೆ. ಮೊದಲು 'ಪೀಛೇ ಹೂಂ' ಅಂತ ಕೂಗುತ್ತಿದ್ದರು. ನಮ್ಮವನೊಬ್ಬ ಗಾಬರಿಯಲ್ಲಿ ಕನ್ನಡದಲ್ಲೇ "ಹಿಂದೆ ಇದ್ದೀನಿ!" ಅಂದುಬಿಟ್ಟ. ಈಗ ಘಾಟ್ಕೋಪರ್‌ನಿಂದ ಬರುವ ಗುಜರಾತಿ ಹುಡುಗನೂ ಅದನ್ನೇ ಕೂಗುತ್ತಾನೆ. ಎದುರು ತಂಡಕ್ಕೆ ಒಂದಕ್ಷರ ಅರ್ಥವಾಗುವುದಿಲ್ಲ, ಅದೊಂದು ಲಾಭ.

ಸ್ಕೋರ್ ಪುಸ್ತಕ ಬರೆಯುವುದು ಒಬ್ಬ ಹುಡುಗನ ತಾಯಿ. ಪಾಯಿಂಟ್, ಪುಟಿದು ಬಂದ ಚೆಂಡು ಹಿಡಿದ ರೀಬೌಂಡ್, ಪಾಯಿಂಟ್‌ಗೆ ದಾರಿಮಾಡಿದ ಪಾಸಿನ ಅಸಿಸ್ಟ್ ಕಾಲಂಗಳ ಪಕ್ಕ ಸ್ಕೇಲ್ ಇಟ್ಟು ಇನ್ನೊಂದು ಗೆರೆ ಎಳೆದಿದ್ದಾರೆ. ಅದರ ತಲೆಬರಹ 'ದನಿ'. ಹೋದ ತಿಂಗಳು ಅದರಲ್ಲಿ ತಮ್ಮ ಮಗನಿಗೇ ಸೊನ್ನೆ ಹಾಕಿದರು.

ಈ ಆಟ ಹುಟ್ಟಿದಾಗ ಇದ್ದದ್ದೇ ಪಾಸ್. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿ ತೂಗುಹಾಕಿ ಆಡಿಸಿದಾಗ ಒಟ್ಟು 13 ನಿಯಮ ಇದ್ದವು. ಚೆಂಡು ಹಿಡಿದು ಓಡುವಂತಿರಲಿಲ್ಲ. ಎಲ್ಲಿ ಸಿಕ್ಕಿತೋ ಅಲ್ಲಿಂದಲೇ ಎಸೆಯಬೇಕು. ಚೆಂಡು ತಟ್ಟಿಕೊಂಡು ಒಬ್ಬನೇ ನುಗ್ಗುವುದೆಲ್ಲ ಆಮೇಲೆ ಬಂದದ್ದು. ಅಂದಹಾಗೆ, ಈ ನೈಸ್ಮಿತ್ ಕನ್ಸಾಸ್ ವಿಶ್ವವಿದ್ಯಾಲಯದಲ್ಲಿ ಕೋಚ್ ಆಗಿದ್ದಾಗ ಗೆದ್ದದ್ದು 55, ಸೋತದ್ದು 60. ಆಟ ಹುಟ್ಟಿಸಿದವನದ್ದೇ ಈ ಕತೆ. ಸೋತು ಮನೆಗೆ ಹೋಗುವಾಗ ಲೋಕಲ್ ಟ್ರೇನಿನಲ್ಲಿ ನಾನು ಇದನ್ನು ನೆನೆಸಿಕೊಳ್ಳುತ್ತೇನೆ.

ದೂರ ಯಾಕೆ, ನಮ್ಮ ನಾಗಪಾಡಾ ನೋಡಿ. 1927ರಲ್ಲಿ ಅಲ್ಲಿ ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ನೇಬರ್‌ಹುಡ್ ಹೌಸ್ ಅನ್ನೋ ಸಮುದಾಯ ಕೇಂದ್ರ ಶುರು ಮಾಡಿದರು. ಇಕ್ಕಟ್ಟಾದ ಗಲ್ಲಿಗಳ ನಡುವೆ ಕೋಚ್ ಬಚ್ಚೂ ಖಾನ್ ಹುಡುಗರನ್ನು ತಯಾರು ಮಾಡಿದರು. ಆ ಗಲ್ಲಿಗಳಿಂದ ಬಂದ ಅಬ್ಬಾಸ್ ಮುಂತಾಸಿರ್ ಭಾರತ ತಂಡದ ನಾಯಕರಾದರು, 1970ರ ಅರ್ಜುನ ಪ್ರಶಸ್ತಿ ಪಡೆದರು. ಬಚ್ಚೂ ಖಾನ್ ಹೆಸರಿನ ಮೈದಾನ ಈಗಲೂ ಇದೆ. ಒಂದು ಸಂಜೆ ಹೋಗಿ ಸುಮ್ಮನೆ ಕಿವಿಗೊಡಿ. ಚೆಂಡಿನ ಸದ್ದಿಗಿಂತ ಹುಡುಗರ ಕೂಗೇ ಜಾಸ್ತಿ.

ಇನ್ನೊಂದು ಸಂಗತಿ ಹೇಳಬೇಕು. ಇದು ನನ್ನದೇ ತಪ್ಪು. ನಮ್ಮ ಪ್ರಾಕ್ಟೀಸಿನಲ್ಲಿ ರೆಫರಿ ಇರುವುದಿಲ್ಲ. ಚೆಂಡು ಗೆರೆ ದಾಟಿದರೆ ಕೊನೆಯಲ್ಲಿ ಯಾರಿಗೆ ತಾಗಿತ್ತೋ ಅವನೇ ಕೈ ಎತ್ತಬೇಕು. ನಾಲ್ಕು ವರ್ಷ ಇದು ಚೆನ್ನಾಗಿಯೇ ನಡೆದಿತ್ತು. ಆಮೇಲೆ 16 ವರ್ಷದೊಳಗಿನವರ ಒಂದು ಟೂರ್ನಿ. ಸ್ಕೋರ್ ಸಮ, ಉಳಿದದ್ದು 40 ಸೆಕೆಂಡ್. ಚೆಂಡು ಹೊರಗೆ ಹೋಯಿತು. ರೆಫರಿ ನಮಗೆ ಕೊಟ್ಟರು. ನಮ್ಮ ಹುಡುಗ ಕೈ ಎತ್ತಿದ. "ಸರ್, ನನಗೇ ತಾಗಿತ್ತು." ಚೆಂಡು ಅವರ ಪಾಲಾಯಿತು.

ನಾನು ಬಾಯಲ್ಲಿ ಏನೂ ಅನ್ನಲಿಲ್ಲ. ಅವನನ್ನು ಹೊರಗೆ ಕರೆದು ಬೆಂಚಿನಲ್ಲಿ ಕೂರಿಸಿ ಬೇರೆಯವನನ್ನು ಕಳಿಸಿದೆ. ಎರಡು ಪಾಯಿಂಟಿನಿಂದ ಸೋತೆವು. ಅವನು ಟವೆಲ್ಲನ್ನು ತಲೆಮೇಲೆ ಎಳೆದುಕೊಂಡು ಕೂತಿದ್ದ.

ಮಾರನೆಯ ವಾರ ಪ್ರಾಕ್ಟೀಸಿನಲ್ಲಿ ಒಬ್ಬನೂ ಕೈ ಎತ್ತಲಿಲ್ಲ. ಪ್ರತಿ ಚೆಂಡಿಗೂ ಜಗಳ. "ನಿಂದು!" "ನಿಂದೇ!" ಯಾಕೆ ಅಂತ ನನಗೆ ಹೊಳೆಯಲು ಎರಡು ವಾರ ಬೇಕಾಯಿತು. ನಿಯಮದ ಬಗ್ಗೆ ನಾಲ್ಕು ವರ್ಷ ನಾನು ಆಡಿದ ಮಾತೆಲ್ಲ ಒಂದು ಕಡೆ, ಆ ಒಂದು ಸಬ್‌ಸ್ಟಿಟ್ಯೂಷನ್ ಇನ್ನೊಂದು ಕಡೆ. ಅವರು ನಂಬಿದ್ದು ಎರಡನೆಯದನ್ನು.

ಎಲ್ಲರನ್ನೂ ಸುತ್ತ ನಿಲ್ಲಿಸಿ ತಪ್ಪಾಯಿತು ಅಂದೆ. ಆ ಹುಡುಗ ಶೂ ಲೇಸ್ ನೋಡುತ್ತಾ ಕೇಳಿದ: "ಹಾಗಾದ್ರೆ ಇನ್ಮೇಲೆ ಹೇಳ್ಬೇಕೋ ಬೇಡ್ವೋ?"

"ಹೇಳು. ಸೋತರೂ ನಿನ್ನನ್ನ ಕೂರಿಸಲ್ಲ."

"ನೋಡೋಣ ಸರ್" ಅಂದ.

ಸರಿಯಾಗೇ ಅಂದ. ಮಳೆಗಾಲ ಬಂತು, ಸಿಮೆಂಟಿನ ಅಂಕಣ ಜಾರುತ್ತಿತ್ತು, ಒಂದು ಬಿಲ್ಡಿಂಗಿನ ಪಾರ್ಕಿಂಗ್‌ನಲ್ಲಿ ಸ್ಕೂಟರ್ ಸರಿಸಿ ಪಾಸಿಂಗ್ ಮಾಡುತ್ತಿದ್ದೆವು. ಅಲ್ಲಿ ಒಬ್ಬೊಬ್ಬರಾಗಿ ಮತ್ತೆ ಕೈ ಎತ್ತತೊಡಗಿದರು. ಕೊನೆಗೆ ಅವನೂ. ಆದರೆ ಈಗ ಪಂದ್ಯದಲ್ಲಿ ಕೈ ಎತ್ತುವ ಮೊದಲು ಒಂದು ಕ್ಷಣ ಬೆಂಚಿನ ಕಡೆ, ನನ್ನ ಮುಖ ನೋಡುತ್ತಾನೆ. ಮೊದಲು ನೋಡುತ್ತಿರಲಿಲ್ಲ.